ಸಮಾಧಾನದ ತುಂಡು

ನನ್ನ ಸೋದರಮಾವನನ್ನು ಎಲ್ಲರೂ ಟಿಕ್‌ಟಿಕ್ ಎಂದೇ ಕರೆಯುವುದು. ಅಂಗಡಿಯ ಬೋರ್ಡಿನಲ್ಲಿ ಬೇರೆ ಹೆಸರಿದೆ, ಬ್ಯಾಂಕಿನವರನ್ನು ಬಿಟ್ಟರೆ ಅದನ್ನು ಬಳಸುವವರಿಲ್ಲ. ಮೇಲ್ಸೇತುವೆ ಇಳಿದು ಮುಗಿಯುವ ಕಡೆ, ಟಯರ್ ಅಂಗಡಿಗೂ ಬೀಗ ಮಾಡುವವನ ಗೂಡಿಗೂ ನಡುವೆ ಅವನ ಜಾಗ. ಒಂದು ಕಾರು ಒಳಗೆ ನಿಂತರೆ ಮನುಷ್ಯ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆಯಬೇಕು. ಹಾರ್ನು, ವೈಪರ್, ದೀಪ, ಹೀಗೆ ಕಾರಿನ ಕರೆಂಟಿನ ಕೆಲಸವೆಲ್ಲ ಮಾಡುತ್ತಿದ್ದ. ಅದರಲ್ಲೂ ತಿರುಗುವಾಗ ಮಿನುಗುವ ಇಂಡಿಕೇಟರ್ ಅಂದರೆ ಪ್ರಾಣ. ಗಿರಾಕಿ ಹಾರ್ನು ಕೆಟ್ಟಿದೆ ಎಂದು ಬಂದರೂ ಮಾವ ಮೊದಲು ಇಂಡಿಕೇಟರ್ ಹಾಕಿ ನೋಡುತ್ತಿದ್ದ. ನೋಡುತ್ತಿದ್ದ ಅಂದೆನಲ್ಲ, ಅದು ತಪ್ಪು. ಕೇಳುತ್ತಿದ್ದ. ಡ್ರೈವರ್ ಸೀಟಿನಲ್ಲಿ ಕೂತು, ಸ್ಟೀರಿಂಗ್ ಪಕ್ಕದ ಕಡ್ಡಿ ತಿರುಗಿಸಿ, ಕಣ್ಣು ಮುಚ್ಚಿಕೊಂಡು ಒಳಗಿನ ಟಿಕ್ ಟಿಕ್ ಕೇಳುತ್ತಿದ್ದ. ಗಿರಾಕಿಗೆ ಅವಸರವಿದ್ದರೆ ಅದು ಗಿರಾಕಿಯ ಹಣೆಬರಹ.

ಈ ಕಿವಿ ಅವನಿಗೆ ಅಪ್ಪನಿಂದ ಬಂದದ್ದು. ನನ್ನ ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದ. ಗೋಡೆಯ ತುಂಬ ಗಡಿಯಾರ ನೇತುಹಾಕಿ, ಯಾವುದು ಕುಂಟುತ್ತಿದೆ ಎಂದು ಬೆನ್ನು ಹಾಕಿಕೊಂಡೇ ಹೇಳುತ್ತಿದ್ದನಂತೆ. ಮಾವ ದೊಡ್ಡವನಾಗುವ ಹೊತ್ತಿಗೆ ಜನ ಫೋನಿನಲ್ಲಿ ಗಂಟೆ ನೋಡತೊಡಗಿದರು. ಅಂಗಡಿ ಮುಚ್ಚಿತು. ಬೇರೆ ಕೆಲಸ ಹುಡುಕಬೇಕಾದಾಗ, ಟಿಕ್ ಟಿಕ್ ಅನ್ನುವ ವಸ್ತು ಇನ್ನೆಲ್ಲಿ ಉಳಿದಿದೆ ಎಂದು ಯೋಚಿಸಿ ಕಾರಿನ ಕಡೆ ಹೋದೆ ಎಂದು ಅವನೇ ಹೇಳುತ್ತಿದ್ದ. ತಮಾಷೆಗೆ ಹೇಳುತ್ತಿದ್ದನೋ ನಿಜಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಾವನ ಮುಖದಲ್ಲಿ ತಮಾಷೆಗೂ ನಿಜಕ್ಕೂ ಒಂದೇ ಬಟ್ಟೆ.

ಅತ್ತೆಯನ್ನು ಮದುವೆಯಾದ ಮೇಲೆ ಅವಳಿಗೆ ಡ್ರೈವಿಂಗ್ ಕಲಿಸಿದವನೂ ಅವನೇ. ಖಾಲಿ ಮೈದಾನದಲ್ಲಿ ಎದುರಿಗೆ ನಾಯಿಯೂ ಇಲ್ಲದಿದ್ದರೂ ಇಂಡಿಕೇಟರ್ ಹಾಕದೆ ತಿರುಗಿದರೆ ಮುಖ ಗಂಟಿಕ್ಕಿಕೊಳ್ಳುತ್ತಿದ್ದನಂತೆ. ಅತ್ತೆಗೆ ಅದು ಎಷ್ಟು ಅಭ್ಯಾಸವಾಯಿತೆಂದರೆ, ದಿನಸಿ ಅಂಗಡಿಯಲ್ಲಿ ಸಾಮಾನಿನ ಗಾಡಿ ತಳ್ಳುವಾಗಲೂ ತಿರುವಿನಲ್ಲಿ ಅವಳ ಕೈಬೆರಳು ಗಾಳಿಯಲ್ಲಿ ಕಡ್ಡಿ ಹುಡುಕುತ್ತಿತ್ತು. ನಾನು ಅಣಕಿಸುತ್ತಿದ್ದೆ. ಅವಳು ನಗುತ್ತಿದ್ದಳು, ಆದರೆ ಬೆರಳು ನಿಲ್ಲುತ್ತಿರಲಿಲ್ಲ.

ಅವಳ ಕೆಲಸ ವ್ಯಾನ್ ಓಡಿಸುವುದು. ವಾರದಲ್ಲಿ ಹಲವು ಸಲ ಡಯಾಲಿಸಿಸ್‌ಗೆ ಹೋಗಬೇಕಾದ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೂ ಆಸ್ಪತ್ರೆಯಿಂದ ಮನೆಗೂ ಕರೆದೊಯ್ಯುತ್ತಿದ್ದಳು. ಹೋಗುವಾಗ ಹರಟುವವರು ಬರುವಾಗ ಸುಸ್ತಾಗಿ ಕಿಟಕಿಗೆ ತಲೆ ಒರಗಿಸಿರುತ್ತಾರೆ, ಅದಕ್ಕೇ ವಾಪಸು ಬರುವಾಗ ಗುಂಡಿ ಕಂಡರೆ ನನಗೇ ನೋವಾಗುತ್ತದೆ ಎನ್ನುತ್ತಿದ್ದಳು. ಅವಳ ಮೇಲೆ ಆ ಜನಕ್ಕೆ ಇದ್ದ ನಂಬಿಕೆ ಸಣ್ಣದಲ್ಲ. ಒಬ್ಬ ಅಜ್ಜಿಯಂತೂ ಅವಳು ರಜೆ ಹಾಕಿದ ದಿನ ಆಸ್ಪತ್ರೆಗೇ ಹೋಗುವುದಿಲ್ಲ ಎಂದು ಹಟ ಹಿಡಿಯುತ್ತಿದ್ದಳು.

ಇನ್ನು ಮಾವನ ಗೀಳಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ. ಹಳೆಯ ಕಾರುಗಳಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ಇಂಡಿಕೇಟರಿನ ಒಂದು ಬಲ್ಬು ಸುಟ್ಟುಹೋದರೆ ಒಳಗಿನ ಟಿಕ್ ಟಿಕ್ ಬಸ್ಸು ತಪ್ಪಿಸಿಕೊಂಡವರ ಹಾಗೆ ಓಡತೊಡಗುತ್ತದೆ. ಅದನ್ನು ಕೇಳಿ ಓಡಿಸುವವರು ಇಳಿದು ನೋಡಬೇಕು, ಬಲ್ಬು ಬದಲಿಸಬೇಕು. ಆಮೇಲೆ ಅಂಗಡಿಗಳಿಗೆ ಎಲ್‌ಇಡಿ ಇಂಡಿಕೇಟರ್‌ಗಳು ಬಂದವು. ನೋಡಲು ಚೆಂದ, ಎಲ್ಲರಿಗೂ ಅದೇ ಬೇಕಾಯಿತು. ಆದರೆ ಅವು ಎಳೆಯುವ ಕರೆಂಟು ಕಡಿಮೆ. ಹಾಗಾಗಿ ಹಳೆಯ ಕಾರು ಬಲ್ಬು ಸತ್ತಿದೆ ಎಂದೇ ತಿಳಿದು, ಹೊಸ ದೀಪ ಚೆನ್ನಾಗಿ ಉರಿಯುತ್ತಿದ್ದರೂ ಟಕಟಕ ಓಡುತ್ತದೆ. ಗಿರಾಕಿಗಳಿಗೆ ಕಿರಿಕಿರಿ, ಮಾವನಿಗೆ ಅಂತೂ ಕಿವಿಯಲ್ಲಿ ಕಾದ ಸೀಸ ಸುರಿದಂತೆ.

ಅದಕ್ಕೆ ಮದ್ದು ಒಂದು ಸಣ್ಣ ತಂತಿಯ ಸುರುಳಿ. ದೀಪದ ಪಕ್ಕ ಅದನ್ನು ಜೋಡಿಸಿದರೆ ಬಲ್ಬಿನ ಪಾಲಿನ ಕರೆಂಟನ್ನು ಅದೇ ಎಳೆದುಕೊಂಡು ಸುಮ್ಮನೆ ಬಿಸಿಯಾಗುತ್ತದೆ. ಕಾರು ಎಲ್ಲ ಸರಿಯಾಗಿದೆ ಎಂದು ನಂಬುತ್ತದೆ, ಟಿಕ್ ಟಿಕ್ ತನ್ನ ಪಾಡಿಗೆ ನಿಧಾನಕ್ಕೆ ಬರುತ್ತದೆ. ಆ ಬೀದಿಯ ಅಂಗಡಿಯವರೆಲ್ಲ ಅದಕ್ಕೆ ಸಮಾಧಾನದ ತುಂಡು ಎನ್ನುತ್ತಿದ್ದರು. ಬೇರೆಯವರು ತಯಾರಾದದ್ದನ್ನು ತಂದು ಹಾಕುತ್ತಿದ್ದರು. ಮಾವ ಮಾತ್ರ ತಾನೇ ಕೂತು ಸುತ್ತುತ್ತಿದ್ದ. ಒಂದು ಸುತ್ತು ಹೆಚ್ಚು, ಒಂದು ಸುತ್ತು ಕಮ್ಮಿ ಮಾಡಿ, ಅಜ್ಜನ ಗಡಿಯಾರದ ಲಯ ಬರುವ ತನಕ ಬಿಡುತ್ತಿರಲಿಲ್ಲ. ಆ ಲಯಕ್ಕಾಗಿಯೇ ದೂರದಿಂದ ಗಿರಾಕಿಗಳು ಬರುತ್ತಿದ್ದರು. ತೊಂದರೆ ಇದ್ದದ್ದು ಒಂದೇ. ಸುರುಳಿ ಇರುವಾಗ ದೀಪ ನಿಜವಾಗಿ ಸತ್ತರೂ ಕಾರಿಗೆ ತಿಳಿಯುವುದಿಲ್ಲ. ಒಳಗೆ ಟಿಕ್ ಟಿಕ್ ಸೊಗಸಾಗಿ ಬರುತ್ತಿರುತ್ತದೆ, ಹೊರಗೆ ಏನೂ ಉರಿಯುತ್ತಿರುವುದಿಲ್ಲ.

ಹೀಗಿರುವಾಗ ಹೊಸ ನಿಯಮ ಬಂತು. ವಾಹನ ತಪಾಸಣಾ ಕಚೇರಿಯವರು ಎಲ್ಲ ಅಂಗಡಿಗಳ ಗೋಡೆಗೂ ಒಂದೊಂದು ದೊಡ್ಡ ಹಾಳೆ ಅಂಟಿಸಿ ಹೋದರು. ಹೊರಗಿನಿಂದ ತಂದು ಹಾಕುವ ಇಂಡಿಕೇಟರಿನ ಮೇಲೆ ಒಪ್ಪಿಗೆಯ ಮುದ್ರೆ ಇರಬೇಕು, ಬಣ್ಣ ಕಿತ್ತಳೆ ಛಾಯೆಯದ್ದೇ ಆಗಿರಬೇಕು, ಮಿನುಗುವುದು ತೀರ ಬೇಗವೂ ಆಗಬಾರದು ತೀರ ತಡವೂ ಆಗಬಾರದು, ದೀಪ ಕೆಟ್ಟರೆ ಓಡಿಸುವವರಿಗೆ ಕೂತಲ್ಲೇ ಗೊತ್ತಾಗಬೇಕು. ಕೊನೆಯ ಸಾಲು ದಪ್ಪಕ್ಷರದಲ್ಲಿತ್ತು: ದೀಪ ಕೆಟ್ಟದ್ದನ್ನು ಮರೆಮಾಡುವ ಯಾವ ವಸ್ತುವನ್ನೂ ಜೋಡಿಸಕೂಡದು, ಜೋಡಿಸಿದವರ ಪರವಾನಗಿ ರದ್ದು. ಬರೆದವರು ಯಾರೋ, ನಮ್ಮ ಮಾವನನ್ನು ಎದುರಿಗೆ ಕೂರಿಸಿಕೊಂಡು ಬರೆದ ಹಾಗಿತ್ತು. ಮಾವ ಮೂಗು ಮುರಿದ. ಕಚೇರಿಯಲ್ಲಿ ಕೂತವರಿಗೆ ಕಿವಿಯೇ ಇಲ್ಲ ಎಂದ. ಆ ಹಾಳೆಯ ಮೇಲೆ ಮೊಳೆ ಹೊಡೆದು, ಕೈ ಒರೆಸುವ ಬಟ್ಟೆ ನೇತುಹಾಕಿದ. ಹೊಸದಾಗಿ ಜೋಡಿಸುವುದನ್ನು ನಿಲ್ಲಿಸಿದನೇನೋ ಹೌದು, ಆದರೆ ಹಳೆಯದನ್ನು ಎಲ್ಲಿಂದಲೂ ತೆಗೆಯಲಿಲ್ಲ. ಅತ್ತೆಯ ವ್ಯಾನಿನಲ್ಲಿ ಇದ್ದದ್ದು ಅವನ ಕೈಯ ಅತ್ಯಂತ ಒಳ್ಳೆಯ ಜೋಡಿ. ಮದುವೆಯ ವಾರ್ಷಿಕೋತ್ಸವದ ದಿನ ಹಾಕಿಕೊಟ್ಟದ್ದು. ಕೆಲವರು ಸರ ಕೊಡುತ್ತಾರೆ, ಇವನು ಸುರುಳಿ ಕೊಟ್ಟ. ಟಿಕ್ ಟಿಕ್ ಚೆಂದ ಬರಲಿ ಎಂದು ಹಾಕಿದ್ದು ಎಂದಷ್ಟೇ ಅವಳಿಗೆ ಗೊತ್ತಿತ್ತು.

ಅಪಘಾತವಾದದ್ದು ಬೆಳಿಗ್ಗೆ, ಒಣ ರಸ್ತೆಯಲ್ಲಿ, ದಿನವೂ ತಿರುಗುವ ತಿರುವಿನಲ್ಲಿ. ವ್ಯಾನಿನಲ್ಲಿ ಇನ್ನೂ ರೋಗಿಗಳು ಹತ್ತಿರಲಿಲ್ಲ, ಅದೊಂದು ಪುಣ್ಯ. ಅತ್ತೆ ಇಂಡಿಕೇಟರ್ ಹಾಕಿದಳು, ಟಿಕ್ ಟಿಕ್ ಕೇಳಿದಳು, ಬಲಕ್ಕೆ ತಿರುಗಿದಳು. ಹಿಂದಿನಿಂದ ಬೈಕಿನಲ್ಲಿ ಬ್ರೆಡ್ ಹಂಚುವವನು ಬರುತ್ತಿದ್ದ. ವ್ಯಾನು ನೇರ ಹೋಗುತ್ತದೆ ಎಂದುಕೊಂಡು ಬಲಗಡೆಯಿಂದ ಮುಂದೆ ಹೋಗಲು ನೋಡಿದ. ವ್ಯಾನಿನ ಹಿಂಭಾಗಕ್ಕೆ ಬಡಿದು ಬಿದ್ದ. ಕಾಲು ಮುರಿಯಿತು, ರಸ್ತೆಯ ತುಂಬ ಬ್ರೆಡ್ಡು. ದೀಪ ಹಾಕಿರಲಿಲ್ಲ ಎಂದು ಅವನು, ಹಾಕಿದ್ದೆ ಎಂದು ಅತ್ತೆ. ಆ ಬಲಗಡೆಯ ಹಿಂದಿನ ದೀಪ ಬಡಿತಕ್ಕೆ ಪುಡಿಯಾಗಿತ್ತು, ಸಾಕ್ಷಿ ಹೇಳಲು ಅದೇ ಇರಲಿಲ್ಲ.

ವ್ಯಾನನ್ನು ಎಳೆದುಕೊಂಡು ಬಂದು ನಿಲ್ಲಿಸಿದ್ದು ಮಾವನ ಅಂಗಡಿಯಲ್ಲೇ. ಅಲ್ಲಿ ನಡೆದದ್ದು ನಮಗೆ ತಿಳಿದದ್ದು ಆಮೇಲೆ, ಆದರೆ ಈಗಲೇ ಹೇಳಿಬಿಡುತ್ತೇನೆ. ಗುಟ್ಟು ಬಚ್ಚಿಟ್ಟುಕೊಂಡು ಕತೆ ಹೇಳುವುದು ನನ್ನಂಥ ಬಾಯಿಬಡುಕಿಗೆ ಆಗದ ಮಾತು. ಮಾವ ಒಡೆದ ದೀಪದ ಚೂರುಗಳನ್ನು ಆರಿಸಿ ನೋಡಿದ. ಒಳಗೆ ತಂತಿ ಬೆಸೆದ ಜಾಗ ಹಸಿರುಗಟ್ಟಿ, ಬಿಟ್ಟುಕೊಂಡಿತ್ತು. ನೀರು ಇಳಿದು ಹಾಗಾಗುತ್ತದೆ, ಒಂದು ದಿನದಲ್ಲಿ ಆಗುವುದಿಲ್ಲ. ಅಂದರೆ ದೀಪ ಬಡಿತಕ್ಕೆ ಮುಂಚೆಯೇ ಸತ್ತಿತ್ತು. ಅತ್ತೆ ಇಂಡಿಕೇಟರ್ ಹಾಕಿದ್ದಳು, ಟಿಕ್ ಟಿಕ್ ಕೇಳಿದ್ದಳು, ಬ್ರೆಡ್ಡಿನವನಿಗೆ ಏನೂ ಕಂಡಿರಲಿಲ್ಲ. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಮಧ್ಯದಲ್ಲಿ ಸುಳ್ಳು ಹೇಳಿದ್ದು ಆ ಸುರುಳಿ.  ಮಾವನ ಕೈ ಸುಮ್ಮನಿರಲಿಲ್ಲ. ಎರಡೂ ಕಡೆಯ ಸುರುಳಿಗಳನ್ನು ಬಿಚ್ಚಿದ, ಸುರುಳಿಯಿಲ್ಲದೆ ಟಕಟಕ ಓಡಿ ಗುಟ್ಟು ಬಿಡದಿರಲಿ ಎಂದು ಎಡಗಡೆಗೆ ಹಳೆಯ ಮಾದರಿಯ ಬಲ್ಬು ಕೂರಿಸಿದ, ಸುರುಳಿಗಳನ್ನೂ ಆ ಹಸಿರುಗಟ್ಟಿದ ಚೂರನ್ನೂ ಸ್ಕ್ರೂಗಳ ಡಬ್ಬಿಯಲ್ಲಿ ಹೂತುಹಾಕಿದ.

ತಪಾಸಣೆಗೆ ಬಂದ ಅಧಿಕಾರಿ ಕನ್ನಡಕದ ಒಬ್ಬ ಹೆಂಗಸು. ಒರಟು ಮಾತಿನವರಲ್ಲ. ವ್ಯಾನಿನಲ್ಲಿ ಕೂತು ಬಲಗಡೆಗೆ ಕಡ್ಡಿ ತಿರುಗಿಸಿದರು. ಹಿಂದಿನ ದೀಪ ಪುಡಿಯಾಗಿದ್ದರಿಂದ ಟಕಟಕ ಓಡಿತು. ನೋಡಿ, ವ್ಯಾನಿನ ಎಚ್ಚರಿಕೆ ಸರಿಯಾಗೇ ಇದೆ ಎಂದರು. ಅವತ್ತು ನಿಮಗೆ ಹೀಗೆ ಓಡಿದ್ದು ಕೇಳಿಸಿತೇ ಎಂದು ಅತ್ತೆಯನ್ನು ಕೇಳಿದರು. ಇಲ್ಲ, ನಿಧಾನಕ್ಕೇ ಬರುತ್ತಿತ್ತು ಎಂದಳು ಅತ್ತೆ. ಸತ್ಯ ಹೇಳುವವರ ಕಷ್ಟವೇ ಇದು. ಹಾಗಾದರೆ ದೀಪ ಚೆನ್ನಾಗಿತ್ತು, ದೀಪ ಚೆನ್ನಾಗಿದ್ದೂ ಹಿಂದಿನವನಿಗೆ ಕಾಣಲಿಲ್ಲ ಅಂದರೆ ನೀವು ಹಾಕಿರಲಿಲ್ಲ ಎಂದು ಲೆಕ್ಕ ಕೂಡಿತು. ರೋಗಿಗಳ ವ್ಯಾನ್ ಓಡಿಸುವ ಅವಳ ಪರವಾನಗಿಯನ್ನು ವಿಚಾರಣೆಯ ತನಕ ತಡೆಹಿಡಿದರು.

ಮನೆಗೆ ಬಂದ ಅತ್ತೆ ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಳು. ನಾನೂ ಅಲ್ಲೇ ಇದ್ದೆ. ಮಾವನ ಮುಖವನ್ನೇ ನೋಡುತ್ತಾ ಕೇಳಿದಳು, "ನಾನು ಹಾಕಿದ್ದೆ. ನೀನಾದ್ರೂ ನಂಬ್ತೀಯಲ್ಲ?"

ಮಾವ ಕಿಟಕಿಯ ಕಡೆ ತಿರುಗಿದ. "ಒಂದೊಂದ್ಸಲ ಮರೆತುಹೋಗುತ್ತೆ," ಎಂದ. "ಎಲ್ಲರಿಗೂ ಆಗುತ್ತೆ. ಬಿಡು."

ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮಾವನೆಂದರೆ ನನಗೆ ಇಷ್ಟ, ಚಿಕ್ಕಂದಿನಿಂದ ಅವನ ಹೆಗಲ ಮೇಲೆ ಬೆಳೆದವಳು ನಾನು. ಆದರೆ ಅವತ್ತು ಅವನು ಮಾಡಿದ್ದು ಬ್ರೆಡ್ಡಿನವನ ಕಾಲು ಮುರಿದದ್ದಕ್ಕಿಂತ ದೊಡ್ಡದು. ಕಾಲು ಕೂಡಿಕೊಂಡಿತು.

ಅತ್ತೆ ಅವನನ್ನು ನಂಬಿದಳು. ಇಂಡಿಕೇಟರ್ ವಿಷಯದಲ್ಲಿ ಅವನ ಮಾತು ಅವಳಿಗೆ ಕೊನೆಯ ಮಾತು. ಅವನೇ ಮರೆತಿರಬೇಕು ಎಂದ ಮೇಲೆ ಅವಳ ತಲೆಯೊಳಗೆ ಏನೋ ಸಡಿಲವಾಯಿತು. ಮೊದಲು ಬಾಗಿಲ ಬೀಗ. ಹಾಕಿ ಹೊರಟವಳು ಓಣಿಯ ತುದಿಯಿಂದ ವಾಪಸು ಬಂದು ಜಗ್ಗಿ ನೋಡುವಳು. ಆಮೇಲೆ ಒಲೆ. ಆಮೇಲೆ ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಹಾಕುವಳು. ಮಾವ ಅದನ್ನೇ ತಿಂದು, ನೀರು ಕುಡಿದು ಏಳುತ್ತಿದ್ದ. ಆಸ್ಪತ್ರೆಯ ಅಜ್ಜಿ ಫೋನು ಮಾಡಿ ಯಾವಾಗ ಬರುತ್ತೀಯ ಎಂದರೆ, ನಾನು ಓಡಿಸದಿರುವುದೇ ನಿಮಗೆ ಒಳ್ಳೆಯದು ಎನ್ನುತ್ತಿದ್ದಳು. ಒಂದು ದಿನ ನಾನು ಹೊಲಿದ ಬಟ್ಟೆ ಕೊಡಲು ಹೋಗಿ, ಟೀ ಕುಡಿದು ಲೋಟ ಕೆಳಗಿಟ್ಟಿದ್ದೆ. ಅತ್ತೆ ಒಳಗಿನಿಂದ ಬಂದು ಲೋಟ ನೋಡಿ, ಇದನ್ನು ನಾನೇ ಕೊಟ್ಟೆನಾ ಎಂದು ಮೆಲ್ಲಗೆ ಕೇಳಿದಳು. ಮಾವ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಹೌದತ್ತೆ, ನೀನೇ ಕೊಟ್ಟೆ ಎಂದು ಹೇಳಿ, ಲೋಟವನ್ನು ನಾನೇ ಒಳಗೆ ಒಯ್ದು ತೊಳೆದಿಟ್ಟೆ. 

ವಿಚಾರಣೆಯ ದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋಗಲು ನಾನು ಬಂದೆ. ಅತ್ತೆ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು ಏನೋ ಗೊಣಗುತ್ತಿದ್ದಳು. ನಲ್ಲಿ ನಿಲ್ಲಿಸಿದಾಗ ಕೇಳಿಸಿತು. "ನಾನು ಮರೆತಿರಬೇಕು. ತಪ್ಪು ನನ್ನದೇ." ಮತ್ತೆ ಅದನ್ನೇ ಹೇಳಿದಳು, ಶಾಲೆಯಲ್ಲಿ ಬಾಯಿಪಾಠ ಒಪ್ಪಿಸುವವರ ಹಾಗೆ. ಕಚೇರಿಯಲ್ಲಿ ಹೇಳಲು ಅಭ್ಯಾಸ ಮಾಡಿಕೊಳ್ಳುತ್ತಿದ್ದಳು. ಮಾವ ಊಟದ ಮೇಜಿನ ಬಳಿ ಕೂತು ಶೂ ಕಟ್ಟುತ್ತಿದ್ದವನು ದಾರ ಹಿಡಿದುಕೊಂಡೇ ಕೂತಿದ್ದ. ಆಮೇಲೆ ಎದ್ದು, ಒಂದು ಶೂವಿನ ದಾರ ಹಾಗೇ ಎಳೆದುಕೊಂಡು, ಅಂಗಡಿಗೆ ಹೋಗಿ ಬರುತ್ತೇನೆ, ನೀವು ನಡೆಯಿರಿ ಎಂದ. ವಿಚಾರಣೆಗೆ ತಪ್ಪಿಸಿಕೊಳ್ಳಲು ಕಾಲಿಗೆ ಬುದ್ಧಿ ಹೇಳುತ್ತಿದ್ದಾನೆ ಎಂದುಕೊಂಡು ನಾನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ತಪಾಸಣಾ ಕಚೇರಿಯವರು ಎಳೆಸಿಕೊಂಡು ಹೋಗಿದ್ದ ವ್ಯಾನು ಅವರ ಹಿಂದಿನ ಅಂಗಳದಲ್ಲಿ ನಿಂತಿತ್ತು. ಅದೇ ಅಧಿಕಾರಿ, ಊರುಗೋಲಿನ ಬ್ರೆಡ್ಡಿನವನು, ನಾವಿಬ್ಬರು. ಅಧಿಕಾರಿ ಅತ್ತೆಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅತ್ತೆ ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಮಾವ ಗೇಟಿನಿಂದ ಓಡುತ್ತಾ ಬಂದ, ಕಂಕುಳಲ್ಲಿ ಸ್ಕ್ರೂ ಡಬ್ಬಿ.

ಅವಳು ಮಾತಾಡುವ ಮುಂಚೆ ಒಂದು ಕೆಲಸ ಮಾಡಿ ತೋರಿಸಲೇ ಎಂದು ಅಧಿಕಾರಿಯನ್ನು ಕೇಳಿದ. ಅವರು ಒಪ್ಪಿದರು. ವ್ಯಾನಿನ ಹಿಂದೆ ಮಂಡಿಯೂರಿ, ಡಬ್ಬಿಯಿಂದ ಸುರುಳಿ ತೆಗೆದು, ಒಡೆದ ದೀಪದ ತಂತಿಗಳಿಗೆ ಜೋಡಿಸಿದ. ದೀಪವೇನೂ ಹಾಕಲಿಲ್ಲ. ಅಲ್ಲಿ ತೂತು ಮಾತ್ರ ಇತ್ತು. ಆಮೇಲೆ ಅತ್ತೆಗೆ, ಹೋಗಿ ಕೂತು ಬಲಗಡೆಗೆ ಹಾಕು ಎಂದ. ಅತ್ತೆ ಏನೂ ತಿಳಿಯದೆ ಹೋಗಿ ಕೂತಳು. ಕಡ್ಡಿ ತಿರುಗಿಸಿದಳು. ಬಾಗಿಲು ತೆರೆದೇ ಇತ್ತು, ನಮಗೆಲ್ಲ ಕೇಳಿಸಿತು. ಟಿಕ್ ಟಿಕ್, ಟಿಕ್ ಟಿಕ್. ನಿಧಾನಕ್ಕೆ, ಸಮನಾಗಿ, ಅಜ್ಜನ ಗಡಿಯಾರದ ಲಯದಲ್ಲಿ. ಅವತ್ತು ಬೆಳಿಗ್ಗೆ ತಿರುವಿನಲ್ಲಿ ಅವಳು ಕೇಳಿದ್ದು ಅದನ್ನೇ.

ಅತ್ತೆ ಇಂಡಿಕೇಟರ್ ಹಾಗೇ ಬಿಟ್ಟು ಇಳಿದಳು. ವ್ಯಾನಿನ ಬದಿಗೆ ಕೈಯೂರಿಕೊಂಡು ಹಿಂದಕ್ಕೆ ನಡೆದು ಬಂದು, ದೀಪವಿಲ್ಲದ ಆ ತೂತನ್ನು ನೋಡುತ್ತಾ ನಿಂತಳು. ಟಿಕ್ ಟಿಕ್ ಬರುತ್ತಲೇ ಇತ್ತು.

ಮಾವ ಹಸಿರುಗಟ್ಟಿದ ಚೂರನ್ನು ಅಧಿಕಾರಿಯ ಕೈಗಿಟ್ಟ. ದೀಪ ಮೊದಲೇ ಸತ್ತಿತ್ತು, ಸುರುಳಿ ನನ್ನ ಕೈಯದೇ, ತೆಗೆದು ಅಡಗಿಸಿದ್ದೂ ನಾನೇ ಎಂದು ಒಂದೊಂದಾಗಿ ಹೇಳಿದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವರು ಕೇಳಿದರು.

"ಅಂಗಡಿ ಹೋಗುತ್ತೆ ಅಂತ," ಎಂದ ಮಾವ. "ಅದಕ್ಕೆ ಇವಳ ಮಾತು ಹೋದ್ರೆ ಹೋಗ್ಲಿ ಅಂದ್ಕೊಂಡೆ. ಇವಳು ಹಾಕಿದ್ಲು. ಇವಳು ಯಾವತ್ತೂ ಮರೆಯೋಳಲ್ಲ."

ಅತ್ತೆ ಅಧಿಕಾರಿಯ ಕಡೆ ತಿರುಗಿದಳು, ಮಾವನ ಕಡೆ ಅಲ್ಲ. "ನಾನು ಹಾಕಿದ್ದೆ," ಎಂದಳು, ಅಷ್ಟೇ. ಬ್ರೆಡ್ಡಿನವನು ಊರುಗೋಲನ್ನು ಕಂಕುಳಿಗೆ ಒತ್ತಿಕೊಂಡು, ಹೌದಮ್ಮ, ಹಾಕಿದ್ರಿ ಎಂದ. ನನಗೆ ಅಲ್ಲೇ ಅಳು ಬಂತು. ಮುಚ್ಚಿಕೊಳ್ಳದೆ ಅತ್ತುಬಿಟ್ಟೆ.

ಅವಳ ಪರವಾನಗಿ ವಾಪಸು ಬಂತು. ಮಾವನ ಅಂಗಡಿಯದು ಹೋಯಿತು. ಬ್ರೆಡ್ಡಿನವನ ಕಾಲಿನ ಖರ್ಚೂ ಅವನ ತಲೆಗೇ ಬಂತು, ಬರಬೇಕಾದದ್ದೇ. ತಾನು ಹಿಂದೆ ಸುರುಳಿ ಹಾಕಿದ ಕಾರುಗಳನ್ನೆಲ್ಲ ಹುಡುಕಿ ತೆಗೆದು, ಕಚೇರಿಗೆ ತಂದೊಪ್ಪಿಸಿದ ಮೇಲೆ ಮತ್ತೆ ಅರ್ಜಿ ಹಾಕಬಹುದು ಎಂದರು. ಮಾವ ಮನೆಮನೆಗೆ ಅಲೆದ. ಕೆಲವರು ಬೈದರು, ಕೆಲವರು ಬೇಡ, ಲಯ ಚೆನ್ನಾಗಿದೆ, ಇರಲಿ ಎಂದರು. ಅಂಥವರ ಮುಂದೆ ಅವನು ಅತ್ತೆಯ ಕತೆಯನ್ನು ತನ್ನ ಪಾಲು ಬಿಡದೆ ಹೇಳಿ, ಬಿಚ್ಚಿಕೊಂಡೇ ಬರುತ್ತಿದ್ದ. ಅಂಗಡಿಯ ಗೋಡೆಯ ಮೇಲಿದ್ದ ಬಟ್ಟೆಯನ್ನು ತೆಗೆದ. ಹಾಳೆಯ ನಡುವೆ ಮೊಳೆಯ ತೂತು ಉಳಿದಿದೆ.

ಅತ್ತೆ ಅವನ ಜೊತೆ ಮಾತು ಬಿಟ್ಟಳು. ಊಟಕ್ಕೆ ಬಡಿಸುತ್ತಿದ್ದಳು, ಬಟ್ಟೆ ಒಗೆದು ಮಡಚಿಡುತ್ತಿದ್ದಳು, ಮಾತಿಲ್ಲ. ಏನಾದರೂ ಹೇಳಬೇಕಾದರೆ ನನ್ನ ಮೂಲಕ. ನಿಮ್ಮ ಮಾವನಿಗೆ ಕರೆಂಟ್ ಬಿಲ್ ಬಂದಿದೆ ಅಂತ ಹೇಳು ಎನ್ನುವಳು, ಮಾವ ಎರಡು ಮೊಳ ದೂರದಲ್ಲೇ ಕೂತಿರುತ್ತಿದ್ದ. ನಾನು ಹೇಳುತ್ತಿದ್ದೆ. ನಗು ಬರುತ್ತಿತ್ತು, ನಗಲು ಆಗುತ್ತಿರಲಿಲ್ಲ. ಆದರೆ ಅಡುಗೆಯಲ್ಲಿ ಉಪ್ಪು ಸರಿಯಾಯಿತು. ಬೀಗ ಜಗ್ಗಿ ನೋಡಲು ಅವಳು ವಾಪಸು ಬರುವುದು ನಿಂತಿತು.

ಅವಳು ಮತ್ತೆ ಕೆಲಸಕ್ಕೆ ಹೊರಟ ಬೆಳಿಗ್ಗೆ ನಾನು ಬೇಕೆಂದೇ ಅಲ್ಲಿಗೆ ಹೋಗಿದ್ದೆ. ವ್ಯಾನಿಗೆ ಬೇರೆ ಅಂಗಡಿಯಲ್ಲಿ ಒಪ್ಪಿಗೆಯ ಮುದ್ರೆಯ ಹೊಸ ಇಂಡಿಕೇಟರ್ ಹಾಕಿಸಿದ್ದರು. ದೀಪ ಕೆಟ್ಟರೆ ಓಡಿಸುವವರ ಎದುರಿಗೇ ಒಂದು ಕೆಂಪು ಚುಕ್ಕಿ ಹೊತ್ತಿ ಹೇಳುತ್ತದೆ, ಯಾರೂ ಹಿಂದೆ ಹೋಗಿ ನೋಡಬೇಕಾಗಿಲ್ಲ. ಮಾವ ಬಾಗಿಲ ಬಳಿಯ ಕನ್ನಡಿಯ ಮುಂದೆ ಗಡ್ಡಕ್ಕೆ ಸೋಪು ಹಚ್ಚಿಕೊಂಡು, ನೋಡದ ಹಾಗೆ ನೋಡುತ್ತಿದ್ದ. ಅತ್ತೆ ವ್ಯಾನು ಹತ್ತಿದಳು, ಬೆಲ್ಟು ಹಾಕಿಕೊಂಡಳು, ಇಂಡಿಕೇಟರ್ ಹಾಕಿದಳು. ಟಿಕ್ ಟಿಕ್ ಶುರುವಾಯಿತು. ಕೆಂಪು ಚುಕ್ಕಿ ಹೊತ್ತಲಿಲ್ಲ, ನನಗೆ ಪಕ್ಕದ ಕಿಟಕಿಯಿಂದ ಕಾಣುತ್ತಿತ್ತು. ಎಲ್ಲ ಸರಿಯಾಗಿತ್ತು. ಆದರೂ ಅವಳು ಹೊರಡಲಿಲ್ಲ. ಕಿಟಕಿಯ ಗಾಜು ಇಳಿಸಿ, ಮುಂದೆ ರಸ್ತೆಯನ್ನೇ ನೋಡುತ್ತಾ ಕೂತಳು.

"ಬಲ?" ಎಂದಳು.

ಅಷ್ಟು ದಿನಗಳ ನಂತರ ಅವನಿಗೆ ಅವಳು ಆಡಿದ ಮೊದಲ ಮಾತು ಅದು. ಮಾವ ಬ್ರಷ್ಷು ಬಿಸಾಕಿ, ಬರಿಗಾಲಲ್ಲಿ, ಮುಖದ ತುಂಬ ಸೋಪು ಹೊತ್ತುಕೊಂಡು ವ್ಯಾನಿನ ಹಿಂದಕ್ಕೆ ಓಡಿದ. ಕಣ್ಣು ಮುಚ್ಚಲಿಲ್ಲ. ದೀಪದ ಮುಂದೆ ಬಗ್ಗಿ, ಅದು ಹೊತ್ತಿ ಆರಿ ಹೊತ್ತುವುದನ್ನು ನೋಡಿದ.

"ಉರೀತಿದೆ," ಎಂದ. 

"ಎಡ?"

"ಅದೂ ಉರೀತಿದೆ."

ಅತ್ತೆ ಗಾಜು ಏರಿಸಿದಳು. ವ್ಯಾನು ಓಣಿ ದಾಟಿ, ತುದಿಯಲ್ಲಿ ದೀಪ ಮಿನುಗಿಸಿ ಬಲಕ್ಕೆ ತಿರುಗಿತು. ಅದು ಕಣ್ಣಿಗೆ ಮರೆಯಾಗುವ ತನಕ ಮಾವ ರಸ್ತೆಯ ಮಧ್ಯೆ ನಿಂತಿದ್ದು, ಆಮೇಲೆ ಕೆನ್ನೆಯ ಮೇಲೆ ಒಣಗಿದ ಸೋಪನ್ನು ತೊಳೆದುಕೊಳ್ಳಲು ಒಳಗೆ ಹೋದ.